ಸಂತೆ ದಿನದ ಎಮರ್ಜೆನ್ಸಿ

ಚಳ್ಳಕೆರೆಯ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ನಾನು ನರ್ಸ್. ಸಂತೆಯ ದಿನ ಬಂತೆಂದರೆ ಬೆಳಿಗ್ಗೆಯಿಂದಲೇ ತಲೆ ಸಿಡಿಯುತ್ತದೆ. ಓಪಿಡಿಯಲ್ಲಿ ಉದ್ದ ಸಾಲು, ನಮ್ಮಲ್ಲಿ ಸಾಲೇ ಇಲ್ಲ ಎಂಬುದು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಾಗಿಬಿಟ್ಟಿದೆ. ವ್ಯಾಪಾರ ಮುಗಿಸಿ ಬಂದವರು ತರಕಾರಿ ಚೀಲವನ್ನು ಮಂಚದ ಕೆಳಗೆ ತಳ್ಳಿ, "ಸುಸ್ತಾಗೈತೆ, ಒಂದು ಬಾಟ್ಲಿ ಗ್ಲೂಕೋಸ್ ಹಾಕ್ರಿ" ಎಂದು ಮಲಗಿಬಿಡುತ್ತಾರೆ. ಇದು ತುರ್ತು ಇದ್ದವರಿಗೆ ಎಂದರೆ, "ನಮಗೂ ಅರ್ಜೆಂಟೇ ಐತೆ, ಬಸ್ಸು ಹೊರಟೋಗ್ತೈತೆ" ಎನ್ನುತ್ತಾರೆ. ಜಗಳ ಯಾಕೆಂದು ಡಾಕ್ಟರು ಬರೆದುಕೊಡುತ್ತಾರೆ. ಚುಚ್ಚುವವಳು, ಬೈಸಿಕೊಳ್ಳುವವಳು ನಾನು.

ಮೊಳಕಾಲ್ಮುರು ಕಡೆಯ ಅಜ್ಜಿಯೊಬ್ಬರಂತೂ ವಾರ ತಪ್ಪಿಸುವುದಿಲ್ಲ. ಅವರ ಊರಲ್ಲೇ ಆರೋಗ್ಯ ಕೇಂದ್ರವಿದೆ. ಕೇಳಿದರೆ, "ಅಲ್ಲಿ ಬರೀ ಗುಳಿಗೆ ಕೊಡ್ತಾರೆ ಕಣಮ್ಮ, ಚುಚ್ಚಲ್ಲ" ಎಂಬ ದೂರು.

ಕಳೆದ ಮಳೆಗಾಲದ ಒಂದು ಸಂತೆ ದಿನ ನಮ್ಮ ನಾಲ್ಕೂ ಮಂಚಗಳಲ್ಲಿ ಇಂಥವರೇ ಮಲಗಿದ್ದರು. ಅಷ್ಟರಲ್ಲಿ ಆಟೋದಿಂದ ಕುರಿಗಾಹಿಯೊಬ್ಬನನ್ನು ಎತ್ತಿಕೊಂಡು ಬಂದರು. "ಹುಳ ಮುಟ್ಟೈತೆ ಸಿಸ್ಟರ್" ಎಂದ ಜೊತೆಯವನು. ಹಾವು ಎನ್ನಲು ಅವರಿಗೆ ಭಯ. ಕಾಲು ಕಂಬದಂತೆ ಊದಿತ್ತು, ಒಸಡಿನಿಂದ ರಕ್ತ ಜಿನುಗುತ್ತಿತ್ತು.

"ಯಾರಾದ್ರೂ ಒಬ್ರು ಏಳ್ರಿ" ಎಂದೆ. ಯಾರೂ ಅಲುಗಲಿಲ್ಲ. ಬಾಗಿಲ ಬಳಿ ಮಲಗಿದ್ದ ಎಣ್ಣೆ ಮಿಲ್ಲಿನ ಯಜಮಾನರು ತಲೆಯ ಮೇಲಿನ ಬಾಟ್ಲಿ ನೋಡಿ, "ಇನ್ನೂ ಅರ್ಧ ಐತಲ್ರಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಎದ್ದವರು ಆ ಅಜ್ಜಿ. ತಮ್ಮ ಬಾಟ್ಲಿಯನ್ನು ಸ್ಟ್ಯಾಂಡಿನಿಂದ ತೆಗೆದು, ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು, ಗೋಡೆಗೊರಗಿ ನೆಲದ ಮೇಲೆ ಕೂತರು. "ಇಲ್ಲಿ ಮಲಗ್ಸಪ್ಪ ಅವನ್ನ" ಎಂದು ಜೊತೆಯವನಿಗೆ ಹೇಳಿ, ಪಕ್ಕದ ಮಂಚದಲ್ಲಿದ್ದ ಯಜಮಾನರ ಕಡೆ ತಿರುಗಿ, "ನೀನೂ ಏಳು. ಡಾಕ್ಟ್ರಿಗೆ ನಿಂತ್ಕಳಕ್ಕೆ ಜಾಗ ಬ್ಯಾಡ್ವಾ?" ಎಂದು ಗದರಿದರು. ಯಜಮಾನರು ಗೊಣಗುತ್ತಲೇ ಎದ್ದರು. ಅವರ ಮಂಚವನ್ನು ಆಚೆ ತಳ್ಳಿ ಜಾಗ ಮಾಡಿದೆ.

ಡಾಕ್ಟರು ವಿಷಕ್ಕೆ ಮದ್ದು ಶುರು ಮಾಡಿದರು. ಸಂಜೆಯ ಹೊತ್ತಿಗೆ ರಕ್ತ ನಿಂತಿತು, ನನಗೂ ಉಸಿರು ಬಂತು. ಅಜ್ಜಿಗೆ ಚಹಾ ತರಿಸಿಕೊಟ್ಟೆ. ಒಂದು ಗುಟುಕು ಕುಡಿದು, "ಸಕ್ಕರೆ ಕಮ್ಮಿ ಐತೆ" ಎಂದರು.

ಕುರಿಗಾಹಿ ಕೆಲವು ದಿನ ವಾರ್ಡಿನಲ್ಲಿದ್ದು, ಕುಂಟುತ್ತಾ ಮನೆಗೆ ಹೋದ. ತಿಂಗಳ ಮೇಲೆ ಒಂದು ಸಂತೆ ದಿನ ಮತ್ತೆ ಎಮರ್ಜೆನ್ಸಿಗೇ ನುಗ್ಗಿ ಬಂದ. ನಾನು ಓಡಿಹೋಗಿ ಮೊದಲು ಅವನ ಕಾಲು ನೋಡಿದೆ.

"ಏನಾಯ್ತಪ್ಪ?"

"ಏನಿಲ್ಲ ಸಿಸ್ಟರ್, ಮೈಕೈ ನೋವು. ಅವತ್ತು ಹಾಕಿದ್ರಲ್ಲ, ಆ ಬಾಟ್ಲೀನೇ ಒಂದು ಹಾಕ್ರಿ. ಭಾಳ ಆರಾಮಾಗಿತ್ತು."

ಓಪಿಡಿ ಕಡೆ ಕೈ ತೋರಿಸಿದೆ. ಅಲ್ಲಿನ ಸಾಲು ನೋಡಿದವನೇ ನನ್ನನ್ನು ಬೈದುಕೊಳ್ಳುತ್ತಾ ಬಸ್ ನಿಲ್ದಾಣದ ಹಾದಿ ಹಿಡಿದ.