ಹೆಸರು ಬರೆಯಬೇಡಿ ಎಂದಿದ್ದ ಹಾಳೆ

ಬಿ.ಕಾಂ. ಎರಡನೇ ವರ್ಷದಲ್ಲಿ ನನಗೆ ಬಿಸಿನೆಸ್ ಸ್ಟಾಟಿಸ್ಟಿಕ್ಸ್ ಹೇಳಿಕೊಟ್ಟ ಮೇಡಂ ಬಗ್ಗೆ ನಾನು ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ. ಅವರ ಮಾತು ಬಂದಾಗಲೆಲ್ಲ, "ಅವರಿಲ್ಲದಿದ್ದರೆ ನಾನು ಪಾಸಾಗುತ್ತಲೇ ಇರಲಿಲ್ಲ" ಎಂದು ನಿಲ್ಲಿಸುತ್ತೇನೆ. ಅಷ್ಟು ನಿಜವೇ. ಉಳಿದದ್ದನ್ನು ನುಂಗಿಕೊಳ್ಳುತ್ತೇನೆ.

ನಮ್ಮೂರು ಗೌನಿಪಲ್ಲಿಯ ಹತ್ತಿರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೋಲಾರದ ಕಾಲೇಜಿಗೆ ಸೇರಿದ ಮೇಲೆ ಎಲ್ಲವೂ ಇಂಗ್ಲಿಷ್. ಮಿಕ್ಕ ವಿಷಯಗಳನ್ನು ಹೇಗೋ ಬಾಯಿಪಾಠ ಮಾಡಿ ದಾಟಿದೆ. ಸ್ಟಾಟಿಸ್ಟಿಕ್ಸ್ ಮಾತ್ರ ಬಾಯಿಪಾಠಕ್ಕೆ ಬಗ್ಗಲಿಲ್ಲ. ಮೊದಲ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಎರಡು ಬಂತು. ಆ ಎರಡು ಅಂಕವೂ ಪ್ರಶ್ನೆಯನ್ನು ಅಂದವಾಗಿ ನಕಲು ಮಾಡಿದ್ದಕ್ಕೆ ಸಿಕ್ಕಿರಬೇಕು.

ಮೇಡಂ ಮುಳಬಾಗಿಲಿನಿಂದ ಬರುತ್ತಿದ್ದರು. ಅತಿಥಿ ಉಪನ್ಯಾಸಕಿ. ಕಾಲೇಜಿನವರು ಕರೆದರೆ ಉಂಟು, ಕರೆಯದಿದ್ದರೆ ಇಲ್ಲ ಎನ್ನುವಂಥ ಕೆಲಸ. ನಮಗಿಂತ ಆರೇಳು ವರ್ಷ ದೊಡ್ಡವರು ಅಷ್ಟೆ. ಮನೆಮಾತು ದಖ್ಖನಿ ಉರ್ದು. ಅವರ ತಂದೆಗೆ ಹಾಸಿಗೆ, ದಿಂಬು ಹೊಲಿಯುವ ಅಂಗಡಿ. ಲೆಕ್ಕವನ್ನು ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ, ನಮ್ಮಂಥವರಿಗಾಗಿ ಮತ್ತೆ ಕನ್ನಡದಲ್ಲಿ ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರ ನಾಲಿಗೆಗೆ 'ಳ' ಬರುತ್ತಿರಲಿಲ್ಲ, 'ಲ' ಆಗಿಬಿಡುತ್ತಿತ್ತು. ಕೋರಿಲೇಷನ್ ಪಾಠದ ದಿನ ಬೋರ್ಡಿನ ಮೇಲೆ ಟೊಮೇಟೊ ಲೆಕ್ಕ ಬರೆದು, "ಬೆಲೆ ಜಾಸ್ತಿ ಆದ್ರೆ ಬೆಲೆ ಕಮ್ಮಿ ಆಗುತ್ತೆ" ಎಂದರು. ಬೆಳೆ ಹೆಚ್ಚಾದರೆ ಬೆಲೆ ಇಳಿಯುತ್ತದೆ ಎಂದು ಅರ್ಥ. ಹಿಂದಿನ ಬೆಂಚಿನಿಂದ ಯಾರೋ, "ಯಾವ್ ಬೆಲೆ ಮೇಡಂ?" ಎಂದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ನಾನು ಮಾತಾಡಿದರೆ ತೆಲುಗಿನ ರಾಗ ಬರುತ್ತದೆಂದು ಹಾಸ್ಟೆಲಿನ ಹುಡುಗಿಯರು ನನ್ನನ್ನು ಆಡಿಕೊಳ್ಳುತ್ತಿದ್ದರು. ಅವತ್ತು ನಗುವವರ ಕಡೆ ಇದ್ದೇನಲ್ಲ ಎಂದು ನನಗೆ ಒಳಗೇ ಖುಷಿಯಾಗಿತ್ತು.

ಎರಡು ಮಾರ್ಕ್ಸಿನ ಪೇಪರು ಕೊಟ್ಟ ದಿನ ಮೇಡಂ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿದರು.

"ಕ್ಲಾಸ್ ಮುಗಿದ್ಮೇಲೆ ಇರ್ತೀಯಾ? ಒಂದು ಗಂಟೆ ಕೂತ್ಕೊಂಡ್ರೆ ಬಂದ್ಬಿಡುತ್ತೆ ಇದು."

"ಟ್ಯೂಷನ್ನಿಗೆ ಎಷ್ಟು ಮೇಡಂ?"

"ಟ್ಯೂಷನ್ ಏನಿಲ್ಲಮ್ಮ. ನಂಗೂ ಬಸ್ಸು ಐದಕ್ಕೇ ಇರೋದು."

ಹೀಗೆ ವಾರಕ್ಕೆ ಮೂರು ದಿನ ಖಾಲಿ ಕ್ಲಾಸಿನಲ್ಲಿ ಇಬ್ಬರೇ ಕೂರುತ್ತಿದ್ದೆವು. ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದರೆ ಏನೆಂದು ನನಗೆ ಮೊದಲು ಅರ್ಥ ಮಾಡಿಸಿದ್ದು ಅವರೇ. "ಶ್ರೀನಿವಾಸಪುರಕ್ಕೆ ಎರಡು ಬಸ್ಸು ಅಂದ್ಕೋ. ಒಂದು ದಿನಾ ಐವತ್ತೇ ನಿಮಿಷ. ಇನ್ನೊಂದು ಒಂದಿನ ಮೂವತ್ತು, ಒಂದಿನ ಎಪ್ಪತ್ತು. ಸರಾಸರಿ ಎರಡಕ್ಕೂ ಐವತ್ತೇ. ಯಾವುದು ಹತ್ತುತೀಯ?" ಎಂದರು. "ಮೊದಲನೇದು" ಎಂದೆ. "ಯಾಕೆ?" "ನಂಬಬಹುದು ಮೇಡಂ." "ಅಷ್ಟೇ ಕಣಮ್ಮ. ಆ ನಂಬಿಕೇನ ಅಳೆಯೋ ಲೆಕ್ಕ ಇದು." ಅವರ ಬಾಯಲ್ಲಿ ಅದು "ಅಲೆಯೋ" ಎಂದೇ ಬಂತು. ನನಗೆ ಲೆಕ್ಕ ಸರಿಯಾಗಿಯೇ ಅರ್ಥವಾಯಿತು.

ಎರಡನೇ ಟೆಸ್ಟಿಗೆ ಹದಿನೈದಾದರೂ ಬರುತ್ತದೆಂದು ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದ್ದೆ. ದಿನಾ ಜೊತೆಯಲ್ಲಿ ಕೂರುವವಳೆಂದು ಮೇಡಂ ಸ್ವಲ್ಪ ಕೈ ಸಡಿಲ ಮಾಡಿಯಾರೆಂಬ ಆಸೆಯೂ ಇತ್ತು. ಒಂಬತ್ತು ಬಂತು. ಎರಡು ದೊಡ್ಡ ಲೆಕ್ಕಗಳಲ್ಲೂ ಕೊನೆಗೆ ವರ್ಗಮೂಲ ತೆಗೆಯುವುದನ್ನು ಮರೆತಿದ್ದೆ.

"ಎಲ್ಲಾ ಸ್ಟೆಪ್ಪೂ ಸರಿ ಇದೆಯಲ್ಲ ಮೇಡಂ. ಇನ್ನೊಂದು ನಾಲ್ಕು ಹಾಕಬಹುದಿತ್ತು" ಎಂದೆ.

"ನಿಂಗ್ ಮಾತ್ರ ಹಾಕಿದ್ರೆ ಬೇರೆಯವರಿಗೆ ಏನ್ ಉತ್ತರ ಕೊಡ್ಲಿ? ಎರಡರಿಂದ ಒಂಬತ್ತಕ್ಕೆ ಬಂದಿದ್ದೀಯ. ಪರೀಕ್ಷೇಲಿ ಇನ್ನೂ ಬರುತ್ತೆ."

ಅವರು ಅದನ್ನು ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದರು. ಆದರೆ ಪಕ್ಕದ ಬೆಂಚಿನವರಿಗೆ ಕೇಳಿಸಿತು. ದಿನಾ ಟ್ಯೂಷನ್ನಿಗೆ ಕೂತು ಒಂಬತ್ತಾ ಎಂದು ಒಬ್ಬಳು ಕಿಸಕ್ಕನೆ ನಕ್ಕಳು.

ಮಾರನೆಯ ದಿನ ಕಾಲೇಜಿನ ಆಫೀಸಿನವರು ಕ್ಲಾಸಿಗೆ ಬಂದು ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಪಾಠ ಮಾಡುವವರ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ. ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಹೆಸರು, ರಿಜಿಸ್ಟರ್ ನಂಬರು ಬರೆಯಬೇಡಿ ಎಂದು ಮೇಲೆಯೇ ಇತ್ತು. ನಾನು ಮೇಡಂ ಹೆಸರಿನ ಮುಂದೆ ಮೇಲಿಂದ ಕೆಳಗಿನವರೆಗೂ ಒಂದು, ಒಂದು, ಒಂದು ಎಂದು ಎಳೆದುಕೊಂಡು ಹೋದೆ. ಕೊನೆಯಲ್ಲಿ 'ಇತರೆ' ಎಂದು ಎರಡು ಗೆರೆ ಜಾಗವಿತ್ತು. ಅದನ್ನು ಖಾಲಿ ಬಿಟ್ಟಿದ್ದರೆ ಇವತ್ತು ಇದನ್ನೆಲ್ಲ ಬರೆಯುತ್ತಿರಲಿಲ್ಲ. 'ಇವರಿಗೆ ಕನ್ನಡ ಸರಿಯಾಗಿ ಬರುವುದಿಲ್ಲ. ಪಾಠ ಅರ್ಥವಾಗುವುದಿಲ್ಲ' ಎಂದು ಬರೆದೆ. ಹಾಳೆ ಮಡಿಸಿ ಕೊಟ್ಟು ಕ್ಯಾಂಟೀನಿಗೆ ಹೋಗಿ ಚಿತ್ರಾನ್ನ ತಿಂದೆ.

ಸೆಮಿಸ್ಟರಿನ ಪಾಠಗಳು ಮುಗಿದು ಓದುವ ರಜೆ ಬಂತು. ಕಾಲೇಜಿನ ಕೋಣೆಗಳಿಗೆ ಬೀಗ. ಮೇಡಂ ತಾವಾಗಿಯೇ ಫೋನ್ ಮಾಡಿದರು. "ಭಾನುವಾರ ನಮ್ಮನೆಗೆ ಬಾ. ಇನ್ನೂ ಎರಡು ಚಾಪ್ಟರ್ ಇದೆಯಲ್ಲ ನಿಂದು." ಏನೋ ನೆಪ ಹೇಳಲು ನೋಡಿದೆ. ರಜೆಗೆಂದು ಊರಿನಲ್ಲಿದ್ದೆನಲ್ಲ, ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. "ಅಂಥಾ ಮೇಡಂ ಯಾರಿಗೆ ಸಿಗ್ತಾರೆ? ಹೋಗಮ್ಮ" ಎಂದರು.

ಮುಳಬಾಗಿಲಿನ ಅವರ ಮನೆಯ ಮುಂದಿನ ಕೋಣೆಯಲ್ಲಿ ಹತ್ತಿಯ ಮೂಟೆಗಳಿದ್ದವು. ಚಾಪೆ ಹಾಸಿ ಕೂತೆವು. ಪುಸ್ತಕ ತೆಗೆಯುವ ಮೊದಲೇ ಮೇಡಂ ಹೇಳಿದರು.

"ಮುಂದಿನ ಸೆಮಿಸ್ಟರಿಗೆ ನನ್ನ ಕರೆಯಲ್ವಂತೆ. ಪ್ರಿನ್ಸಿಪಾಲ್ ಸರ್ ಕರೆಸಿ ಮಾತಾಡಿದ್ರು."

"ಯಾಕೆ ಮೇಡಂ?" ಎಂದೆ.

"ಸ್ಟೂಡೆಂಟ್ಸ್ ನಂಗೆ ಕೊಟ್ಟ ಮಾರ್ಕ್ಸು ಪರವಾಗಿಲ್ಲ ಅಂದ್ರು. ಆದ್ರೆ ಯಾರೋ ಕನ್ನಡ ಬರಲ್ಲ ಅಂತ ಬರ್ದಿದ್ದಾರೆ. ಇಂಥಾ ದೂರು ಬಂದ್ರೆ ಕಷ್ಟ ಅಂದ್ರು." ಪೆನ್ನಿನ ಮುಚ್ಚಳ ತಿರುಗಿಸುತ್ತಾ ಮುಂದುವರಿಸಿದರು. "ಸುಮ್ನೆ ಬರ್ದಿಲ್ಲ ಅವರು. ಕ್ಲಾಸಲ್ಲಿ ನಗ್ತಾರೆ, ನಂಗೂ ಗೊತ್ತಾಗುತ್ತೆ. ತಿದ್ದೋರು ಯಾರೂ ಇರ್ಲಿಲ್ಲ ಅಷ್ಟೆ. ಒಂದು ಕೆಲಸ ಮಾಡು. ನಾನು ಲೆಕ್ಕ ಕಲಿಸ್ತೀನಿ, ನೀನು ನನ್ನ ಕನ್ನಡ ತಿದ್ದು. ನಾಚ್ಕೋಬೇಡ."

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರ ತಾಯಿ ಟೀ, ಬಿಸ್ಕತ್ತು ತಂದಿಟ್ಟು, "ತಗೋ ಬೇಟಿ, ಬಸ್ಸಲ್ಲಿ ಸುಸ್ತಾಗಿರುತ್ತೆ" ಎಂದು ನನ್ನ ತಲೆ ಸವರಿದರು. ನಾನು ಟೀ ಕುಡಿದೆ.

ಆಮೇಲೆ ನಾಲ್ಕು ಭಾನುವಾರ ಹೋದೆ. ಅರ್ಧ ಗಂಟೆ ರಿಗ್ರೆಷನ್ ಲೆಕ್ಕ, ಹತ್ತು ನಿಮಿಷ 'ಳ'. ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಅಂಗುಳಿಗೆ ತಾಗಿಸಿ ಎಂದು ನಾನು ತೋರಿಸುತ್ತಿದ್ದೆ. ಮೇಡಂ "ಬೆಳೆ, ಬೆಲೆ, ಕಳೆ, ಕಲೆ" ಎಂದು ಒಂದೊಂದಾಗಿ ಹೇಳುತ್ತಿದ್ದರು. ತಪ್ಪಿದರೆ ತಾವೇ ನಕ್ಕು ಮತ್ತೆ ಹೇಳುತ್ತಿದ್ದರು. ಅಡುಗೆಮನೆಯಿಂದ ಅವರ ತಾಯಿಯೂ ಮೆಲ್ಲಗೆ ಹೇಳಿ ನೋಡುವುದು ಕೇಳಿಸುತ್ತಿತ್ತು. ಸರಿಯಾಗಿ ಬಂದಾಗ ಮೇಡಂ ಮುಖ ಅರಳುವುದನ್ನು ನೋಡಲಾಗದೆ ನಾನು ನೋಟ್‌ಬುಕ್ಕಿನ ಮೇಲೆ ಬಗ್ಗುತ್ತಿದ್ದೆ.

ಒಂದು ಸಲ ವಾಪಸ್ಸು ಬರುವ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಕ್ಲಾಸಿನಲ್ಲಿ ನಲವತ್ತು ಚಿಲ್ಲರೆ ಜನ. ಉಳಿದವರೆಲ್ಲ ನಾಲ್ಕು ಕೊಟ್ಟಿದ್ದರೂ ನನ್ನೊಬ್ಬಳ ಒಂದರಿಂದ ಸರಾಸರಿ ಎಷ್ಟು ಇಳಿದೀತು? ಹತ್ತರಲ್ಲೊಂದು ಪಾಲೂ ಇಲ್ಲ. ಅವರು ಕಲಿಸಿದ ರೀತಿಯಲ್ಲೇ ಮಾಡಿ, ಅವರ ಕೆಲಸ ಹೋಗಿದ್ದು ನನ್ನಿಂದಲ್ಲ ಎಂದು ಸಾಬೀತು ಮಾಡಿಕೊಳ್ಳಲು ನೋಡಿದೆ. ಆದರೆ ಅಂಕಗಳು ಪರವಾಗಿಲ್ಲ ಎಂದು ಪ್ರಿನ್ಸಿಪಾಲರೇ ಅವರಿಗೆ ಹೇಳಿದ್ದರು. ದೂರು ಎಂದು ತೋರಿಸಿದ್ದು ಆ ಎರಡು ಸಾಲನ್ನು. ಆ ಹಾಳೆಯ ಆ ಭಾಗಕ್ಕೆ ಯಾವ ಸರಾಸರಿಯೂ ಇರಲಿಲ್ಲ.

ಪರೀಕ್ಷೆಯಲ್ಲಿ ನನಗೆ ಅರವತ್ತೆಂಟು ಬಂತು. ಮೇಡಂಗೆ ಫೋನ್ ಮಾಡಿದೆ. ಅವರು ತಾಯಿಯನ್ನು ಕರೆದು ದಖ್ಖನಿಯಲ್ಲಿ ಹೇಳಿದ್ದು ಕೇಳಿಸಿತು. ಮಿಠಾಯಿ ತಗೊಂಡು ಮುಳಬಾಗಿಲಿಗೆ ಹೋಗಿ ಬಾ ಎಂದು ಅಪ್ಪ ಎರಡು ಸಲ ಹೇಳಿದರು. ನಾನು ಹೋಗಲಿಲ್ಲ. ಫೋನ್ ಮಾಡುವುದನ್ನೂ ನಿಧಾನವಾಗಿ ಬಿಟ್ಟೆ.

ಈಗ ನಾನು ಕೋಲಾರದಲ್ಲಿ ಮನೆ ಮಾಡಿಕೊಂಡು, ಮಾಲೂರಿನ ಒಂದು ಕಾರ್ಖಾನೆಯ ಆಫೀಸಿಗೆ ಹೋಗಿಬರುತ್ತೇನೆ. ಹೋದ ವರ್ಷ ಒಂದು ಸಂಜೆ ಮಾಲೂರು ಬಸ್ ನಿಲ್ದಾಣದಲ್ಲಿ ಯಾರೋ ಭುಜ ಮುಟ್ಟಿದರು. ಮೇಡಂ. ಅಲ್ಲೇ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾರಂತೆ. ನಡುವೆ ಎರಡು ವರ್ಷ ಎಲ್ಲೂ ಕೆಲಸ ಸಿಗದೆ ಅಂಗಡಿಯಲ್ಲಿ ದಿಂಬಿನ ಕವರು ಹೊಲಿದೆ ಎಂದು ಸಲೀಸಾಗಿ ಹೇಳಿದರು. "ಈಗ ನನ್ನ ಕನ್ನಡ ಹೇಗಿದೆ ಹೇಳು" ಎಂದರು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಅಲ್ಲೇ, ಬೆಂಚಿನ ಮೇಲೆ ಕೂತು, ಹೇಳಿಬಿಟ್ಟೆ. ಆ ಹಾಳೆ ನನ್ನದು ಎಂದೆ. ಏನು ಬರೆದಿದ್ದೆ, ಯಾಕೆ ಬರೆದಿದ್ದೆ, ಒಂಬತ್ತು ಮಾರ್ಕ್ಸು, ಆ ಹುಡುಗಿ ನಕ್ಕಿದ್ದು, ಎಲ್ಲವನ್ನೂ.

ಮೇಡಂ ಎದುರಿಗೆ ನಿಂತ ಬಸ್ಸನ್ನು ನೋಡುತ್ತಾ ಕೇಳಿಸಿಕೊಂಡರು.

"ನಾನು ಅದನ್ನ ಮರ್ತಿದ್ದೆ ಕಣಮ್ಮ" ಎಂದರು ಕೊನೆಗೆ. "ಯಾರೋ ಬರೆದ್ರು, ಯಾರೋ ಗೊತ್ತಿಲ್ಲದೋರು ಅಂತ ಇದ್ದೆ. ಆ ಭಾನುವಾರಗಳು ಮಾತ್ರ ನೆನಪಿದ್ವು. ಕೆಲಸ ಹೋದಾಗ ಒಬ್ಬಳಾದ್ರೂ ನನ್ನ ಹುಡುಕ್ಕೊಂಡು ಬರ್ತಾಳೆ ಅಂತ ಅಮ್ಮಿ ಹತ್ರ ಹೇಳ್ಕೊಂಡಿದ್ದೆ."

"ತಪ್ಪಾಯ್ತು ಮೇಡಂ."

"ಹೂಂ. ನೀನು ಹೇಳಿ ಹಗುರಾದೆ. ನಾನು ಇದನ್ನ ಮನೆಗೆ ತಗೊಂಡು ಹೋಗ್ಬೇಕು."

ಕೋಲಾರದ ಬಸ್ಸು ಬಂತು. ಅವರು ಹತ್ತಿದರು. ನಾನು ಮುಂದಿನ ಬಸ್ಸಿಗೆ ಕಾದೆ. ಹಗುರಾಗಿದ್ದೆನೋ ಇಲ್ಲವೋ, ಮನೆಗೆ ಬಂದು ಅನ್ನ ಸೇರಲಿಲ್ಲ. ಅವರಿಗೆ ಉಳಿದಿದ್ದ ಒಳ್ಳೆಯದನ್ನೂ ನಾನೇ ಕಿತ್ತುಕೊಂಡೆನೆಂಬುದು ಅಂದಿನಿಂದ ಹಳೆಯ ತಪ್ಪಿನ ಜೊತೆ ಸೇರಿಕೊಂಡಿದೆ. ಹೇಳದೆ ಇದ್ದಿದ್ದರೆ ಸರಿಯಿತ್ತೇ ಎಂದು ಕೇಳಿಕೊಂಡರೆ, ಅದಕ್ಕೂ ಹೌದು ಎನ್ನಲು ಬಾಯಿ ಬರುವುದಿಲ್ಲ.

ಆಮೇಲೆ ತಿಂಗಳುಗಟ್ಟಲೆ ನಿಲ್ದಾಣದಲ್ಲಿ ಕಂಡರೆ ತಲೆಯಾಡಿಸುತ್ತಿದ್ದರು, ಹತ್ತಿರ ಬರುತ್ತಿರಲಿಲ್ಲ. ಮೊನ್ನೆ ಕೋಲಾರದ ಬಸ್ಸಿನಲ್ಲಿ ಜಾಗವಿರಲಿಲ್ಲ. ನಾನು ಕಂಬಿ ಹಿಡಿದು ನಿಂತಿದ್ದೆ. ಮುಂದಿನ ಸೀಟಿನಲ್ಲಿ ಕೂತಿದ್ದ ಮೇಡಂ ತಮ್ಮ ಪಕ್ಕದಲ್ಲಿದ್ದ ಬ್ಯಾಗನ್ನು ತೊಡೆಯ ಮೇಲೆ ಎತ್ತಿಕೊಂಡು, "ಕೂತ್ಕೋ" ಎಂದರು. ಕೂತೆ. ನಮ್ಮಪ್ಪ ಹೇಗಿದ್ದಾರೆ ಎಂದು ಕೇಳಿದರು. ಮೊಣಕಾಲು ನೋವು ಎಂದೆ. ಅವರ ತಾಯಿಗೂ ಅದೇ, ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂದರು. ಅದರ ಬಗ್ಗೆಯೇ ಮಾತಾಡಿಕೊಂಡು ಕೋಲಾರಕ್ಕೆ ಬಂದೆವು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅವರು ಮುಳಬಾಗಿಲಿನ ಬಸ್ಸಿನ ಕಡೆ ಹೊರಟರು. ಆ ಬಸ್ಸು ಹೊರಡುವವರೆಗೂ ನಾನು ನಿಂತಿದ್ದೆ.