ಬಿಸಿಲಿಗೆ ಹಾಕಿದ ಹಾಳೆಗಳು

ಕಾಗದದ ಸುರುಳಿ ಮೂವತ್ತು ಮೀಟರ್ ಇತ್ತೆಂದು ಬರೆದುಕೊಂಡಿದ್ದೇನೆ. ಹತ್ತಕ್ಕಿಂತ ಹೆಚ್ಚಿರಲಿಲ್ಲ ಎನ್ನುತ್ತಾಳೆ ಅಕ್ಕ. ಜೂನ್ ಎಂದು ನನ್ನ ನೆನಪು, ಮೇ ಇದ್ದರೂ ಇರಬಹುದು. ಮುಚ್ಚುತ್ತಿದ್ದ ಸ್ಟುಡಿಯೋ ಒಂದರಿಂದ ಅದನ್ನು ತಂದು, ಕದ್ರಿಯ ನಮ್ಮ ಮನೆಯ ಬಚ್ಚಲನ್ನೇ ಡಾರ್ಕ್‌ರೂಮ್ ಮಾಡಿಕೊಂಡದ್ದಂತೂ ನಿಜ.

ಫೋಟೋ ಮುದ್ರಿಸುವ ಆ ಕಾಗದವನ್ನು ಕೆಂಪು ಬಲ್ಬಿನಡಿಯಲ್ಲೇ ಕತ್ತರಿಸಬೇಕು. ಬೇರೆ ಬೆಳಕು ತಗಲಿದರೆ ಮುಗಿಯಿತು. ಒಬ್ಬರು ಅದುಮಿ ಹಿಡಿದರೆ ಇನ್ನೊಬ್ಬರು ಸ್ಟೀಲ್ ಸ್ಕೇಲಿಟ್ಟು ಬ್ಲೇಡ್ ಎಳೆಯಬೇಕು. ಹಿಡಿದವಳು ಅಕ್ಕ. ಯಾವ ಮಗ್ಗುಲಿಗೆ ಬೆಳಕು ಹಿಡಿಯುವ ಮದ್ದು ಹಚ್ಚಿದೆಯೆಂದು ತಿಳಿಯಲು ಹಾಳೆಯ ಮೂಲೆಯನ್ನು ಒದ್ದೆ ತುಟಿಗೆ ತಾಗಿಸುವುದನ್ನು ಅವಳಿಗೆ ಕಲಿಸಿದ್ದೆ. ಮದ್ದಿನ ಮಗ್ಗುಲು ಅಂಟುತ್ತದೆ.

"ಇದೆಂತ, ಕಾಗದಕ್ಕೆ ಮುತ್ತು ಕೊಡುವ ಕೆಲ್ಸವಾ?" ಎಂದು ನಕ್ಕಿದ್ದಳು.

ಬೆಳಕು ಬಾರದಂತೆ ಬಾಗಿಲಿನಡಿಗೆ ಮೈ ಒರೆಸುವ ಬೈರಾಸು ತುರುಕಿದ್ದೂ ಅವಳೇ. ಹಾಳೆಗಳನ್ನು ಎರಡು ಕಪ್ಪು ಚೀಲಗಳಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟೆವು.

ಅವುಗಳ ಮೇಲೆ ಮುದ್ರಿಸಬೇಕಿದ್ದದ್ದು ಅತ್ತಾವರದ ಆಸ್ಪತ್ರೆಯಲ್ಲಿ ರೀಲಿನ ಕ್ಯಾಮೆರಾದಿಂದ ನಾನು ತೆಗೆದ ಅಮ್ಮನ ಕೊನೆಯ ಚಿತ್ರಗಳನ್ನು. ಅದನ್ನು ಅಕ್ಕನಿಗೆ ಹೇಳಿದ್ದು ಹಾಳೆ ಕತ್ತರಿಸಿದ ಮೇಲೆ.

"ಮೂಗಿಗೆ ಪೈಪ್ ಹಾಕಿದ ಅಮ್ಮನನ್ನು ಗೋಡೆಗೆ ನೇತುಹಾಕ್ತೀಯಾ? ನಾಚಿಕೆ ಆಗುದಿಲ್ವಾ ನಿಂಗೆ?" ಎಂದಳು ಅಕ್ಕ.

ಅಮ್ಮ ಒಪ್ಪಿದ್ದಳು ಎಂದೆ. ಒಪ್ಪಿದ್ದಳೇ? ತಲೆಯಾಡಿಸಿದ್ದು ನೆನಪಿದೆ, ಅದು ಹೌದೋ ಬೇಡವೋ, ಆಣೆ ಮಾಡಿ ಹೇಳಲಾರೆ.

ಮಳೆ ಬಿಟ್ಟ ಮೊದಲ ವಾರ ಇಲ್ಲಿ ಬೂಸ್ಟು ಹಿಡಿದದ್ದೆಲ್ಲ ಟೆರೇಸಿಗೆ ಹೋಗುತ್ತದೆ. ಅಂದು ಮಧ್ಯಾಹ್ನ ಕೆಲಸದಿಂದ ಬಂದಾಗ ಹಾಸಿಗೆ, ಸೀರೆ, ಚಪ್ಪಲಿಗಳ ನಡುವೆ ನನ್ನ ಹಾಳೆಗಳಿದ್ದವು. ಅಕ್ಕ ಹಪ್ಪಳದಂತೆ ಒಂದೊಂದಾಗಿ ಹರಡಿ, ಹಾರದಂತೆ ಕಲ್ಲಿಟ್ಟಿದ್ದಳು. ಎಲ್ಲವೂ ನೇರಳೆ ಬಣ್ಣಕ್ಕೆ ತಿರುಗಿದ್ದವು. ಕಲ್ಲೆತ್ತಿದಲ್ಲಿ ಮಾತ್ರ ಬಿಳಿ.

"ಬೂಸ್ಟು ಬಂದಿತ್ತು ಮಾರಾಯ್ತಿ, ಬಿಸಿಲಿಗೆ ಹಾಕಿದೆ. ತಪ್ಪಾ?"

"ಕೆಂಪು ಬಲ್ಬಿನಡಿ ನನ್ನೊಟ್ಟಿಗೆ ಕೂತದ್ದು ನೀನೇ ಅಲ್ವಾ?"

"ಅಷ್ಟೆಲ್ಲ ನಂಗೆಲ್ಲಿ ನೆನಪುಂಟು? ಬರೆದಿಡುವವಳು ನೀನು."

ಖಾಲಿ ಡಬ್ಬಿಯನ್ನು ಮೂಸಿದೆ. ಬೂಸ್ಟಿನ ವಾಸನೆ ಇರಲಿಲ್ಲ. ಇರಲಿಲ್ಲವೆಂದೇ ನಂಬಿದ್ದೇನೆ, ನಂಬಲು ನನಗೆ ಅನುಕೂಲವೂ ಇದೆ. ನೆಗೆಟಿವ್‌ಗಳು ಇವೆ, ಕಾಗದ ಬೇರೆ ತರಿಸಬಹುದು; ಅದುಮಿ ಹಿಡಿಯಲು ಅವಳನ್ನು ಮಾತ್ರ ಇನ್ನು ಕರೆಯಲಾರೆ.

ಸಂಜೆ ಸೀರೆ ಮಡಚುತ್ತಿದ್ದವಳನ್ನು ಒಂದೇ ಮಾತು ಕೇಳಿದೆ. ಮೂರು ತಿಂಗಳಾಯಿತು, ಒಂದೇ ಮೇಜಿನಲ್ಲಿ ಉಣ್ಣುತ್ತೇವೆ, ಅವಳಿನ್ನೂ ಉತ್ತರಿಸಿಲ್ಲ.

"ಅಕ್ಕ, ಹಾಳಾಗ್ತದೆ ಅಂತ ಗೊತ್ತಿದ್ದೇ ಹರಡಿದ್ದಾ?"