ಪಿಯಾನೋಗೆ ಕುಣಿದ ಪದ್ಮಕ್ಕ

ಕಿವಿಗೆ ಬಿದ್ದ ಸದ್ದು ಯಾವುದೇ ಇರಲಿ, ಪದ್ಮಕ್ಕನ ಬಾಯಿಂದ ಅದು ಜತಿಯಾಗಿ ಹೊರಬರಲೇಬೇಕು. ಕುಕ್ಕರಿನ ಸೀಟಿ, ಕೆಳಗಿನ ಹಿಟ್ಟಿನ ಗಿರಣಿ, ಕಲ್ಯಾಣ ಲೋಕಲ್ ಹಳಿ ಬದಲಿಸುವ ಗಡಗಡ, ಎಲ್ಲಕ್ಕೂ ಅವರ ಹತ್ತಿರ ಒಂದು ‘ತಕಿಟ’ವೋ ‘ತಕಧಿಮಿ’ಯೋ ಸಿದ್ಧ. ಒಮ್ಮೆ ಹಾಲಿನವನು ಬಾಗಿಲು ಬಡಿದಾಗ ಒಳಗಿನಿಂದಲೇ, “ಒಂದು ಅಕ್ಷರ ತಪ್ಪಿತು, ಇನ್ನೊಮ್ಮೆ ಬಡಿ” ಎಂದಿದ್ದರು. ಪಾಪ, ಕನ್ನಡ ಬಾರದ ಆ ಭೈಯಾ ಏನು ತಿಳಿದುಕೊಂಡನೋ, ಮತ್ತೊಮ್ಮೆ ಬಡಿದ. ಈ ಸಲ ಸರಿಯಾಗಿ ಬಡಿದನಂತೆ!

ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅವರು ಎರಡನೆಯ ಮಾಳಿಗೆ, ನಾವು ಮೂರನೆಯದು. ಉಡುಪಿ ಕಡೆಯ ಹೆಣ್ಣುಮಗಳು. ಗಂಡ ಶೀನಣ್ಣ ಎಮ್‌ಐಡಿಸಿ ಕೈಗಾರಿಕಾ ವಸಾಹತಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ನೋಡಿಕೊಳ್ಳುತ್ತಿದ್ದರು. ಸೊಸೈಟಿಯ ಹಾಲ್‌ನಲ್ಲಿ ಸಂಜೆ ಪದ್ಮಕ್ಕ ಹುಡುಗಿಯರಿಗೆ ಭರತನಾಟ್ಯ ಹೇಳಿಕೊಡುತ್ತಿದ್ದರು. ಹುಡುಗಿಯರು ಮರಾಠಿಯಲ್ಲಿ ಕೇಳುವುದು, ಇವರು ಕನ್ನಡದಲ್ಲಿ ಬಯ್ಯುವುದು, ಹೀಗೆ ಇಪ್ಪತ್ತು ವರ್ಷ ನಡೆದಿತ್ತು. ಮದುವೆಯಾದ ಮೇಲೆ ತಾವು ಮಾತ್ರ ಒಮ್ಮೆಯೂ ರಂಗ ಹತ್ತಿದವರಲ್ಲ.

ನಾನು ಗದಗಿನವ. ಮುಂಬಯಿಯ ಫಿಲ್ಮ್ ತೊಳೆಯುವ ಲ್ಯಾಬೊಂದರಲ್ಲಿ ನೌಕರಿ. ಎಪ್ಪತ್ತರ ದಶಕದ ಕೊನೆ ಅದು. ಠಾಣೆಯ ಫಿಲ್ಮ್ ಸೊಸೈಟಿಗೆ ಹೋಗಿ ಹೋಗಿ ನನಗೂ ಒಂದು ಹುಚ್ಚು ಹಿಡಿದಿತ್ತು. ಚೋರ್ ಬಜಾರಿನಲ್ಲಿ ಒಂದು ಪಿಯಾನೋ ರೆಕಾರ್ಡು ಸಿಕ್ಕಿತ್ತು. ಲೇಬಲ್ ಕಿತ್ತುಹೋಗಿ ಬಾರಿಸಿದವನ ಹೆಸರೂ ಇಲ್ಲ, ಬರೆದವನ ಹೆಸರೂ ಇಲ್ಲ. ಅದಕ್ಕೆ ಒಂದು ನೃತ್ಯ ಕೂಡಿಸಿ ಸಣ್ಣ ಫಿಲ್ಮು ಮಾಡಬೇಕು, ಕಥೆ ಇರಬಾರದು, ದೇವರು ಇರಬಾರದು, ಗೆಜ್ಜೆಯೂ ಇರಬಾರದು, ಬರೇ ಮೈ ಮತ್ತು ಸ್ವರ! ಇದನ್ನೆಲ್ಲ ಹೇಳಿ, “ನಿಮ್ಮ ಶಿಷ್ಯರೊಳಗ ಯಾರಾದರೂ ಚಲೋ ಹುಡುಗಿ ಇದ್ದರ ಕೊಡ್ರಿ ಅಕ್ಕ” ಎಂದು ಕೇಳಿದೆ.

ಪದ್ಮಕ್ಕ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. “ಹುಡುಗಿ ಯಾಕೆ? ನಾನು ಸತ್ತಿದ್ದೇನಾ?”

ನಾನು ತಬ್ಬಿಬ್ಬಾದೆ. ನಲವತ್ತು ದಾಟಿದ ಹೆಂಗಸು, ಮೈ ಸ್ವಲ್ಪ ತುಂಬಿಕೊಂಡಿತ್ತು. ನನ್ನ ಮುಖದಲ್ಲಿ ಅದು ಕಂಡಿರಬೇಕು.

“ನೋಡಿ, ಇಪ್ಪತ್ತು ವರ್ಷದಿಂದ ಊರವರ ಮಕ್ಕಳಿಗೆ ರಾಧೆ ಹೇಳಿಕೊಟ್ಟೆ, ಯಶೋದೆ ಹೇಳಿಕೊಟ್ಟೆ. ಅವರನ್ನು ಎಲ್ಲರೂ ನೋಡಿದರು. ನನ್ನನ್ನು ಯಾರೂ ನೋಡಲಿಲ್ಲ ಮಾರಾಯ್ರೆ. ಒಂದು ಸಲ ರಾಧೆಯೂ ಅಲ್ಲ, ಯಶೋದೆಯೂ ಅಲ್ಲ, ನಾನೇ ಆಗಿ ಕುಣಿಯಬೇಕು. ಅದನ್ನು ನಾಲ್ಕು ಜನ ನೋಡಬೇಕು. ಅಷ್ಟೇ.”

ಒಳಗೆ ಪೇಪರು ಓದುತ್ತಿದ್ದ ಶೀನಣ್ಣ ಪೇಪರು ಕೆಳಗಿಳಿಸಿ ಹೆಂಡತಿಯನ್ನೇ ನೋಡಿದರು.

ಮೂರು ತಿಂಗಳು ಅಭ್ಯಾಸ. ಹುಡುಗಿಯರ ಕ್ಲಾಸು ಮುಗಿದ ಮೇಲೆ ನನ್ನ ಹಳೆಯ ಪ್ಲೇಯರನ್ನು ಹಾಲ್‌ಗೆ ಹೊತ್ತು ತರುತ್ತಿದ್ದೆ. ಪದ್ಮಕ್ಕ ಮೊದಲ ವಾರ ಕುಣಿಯಲೇ ಇಲ್ಲ. ಗೋಡೆಗೆ ಒರಗಿ ಕೂತು ಪಿಯಾನೋವನ್ನು ಬಾಯಲ್ಲಿ ಹಾಕಿಕೊಂಡು ಅಗಿದರು. ಎಡಗೈಯ ಸ್ವರಕ್ಕೆ ‘ಧೀಂ’, ಬಲಗೈಯ ಓಟಕ್ಕೆ ‘ತಕತರಿಕಿಟ’, ನಡುವೆ ನಿಂತ ಜಾಗಕ್ಕೆ ಕೈಬೆರಳ ಗಂಟಿನ ಎಣಿಕೆ. ವಾರ ಕಳೆಯುವುದರೊಳಗೆ ಆ ಹೆಸರಿಲ್ಲದ ದೊರೆಯ ಸಂಗೀತ ಉಡುಪಿಯ ಸೊತ್ತಾಗಿತ್ತು. “ಎಂತ ಸಾಹೇಬನ ಸಂಗೀತ? ಇವನೂ ಎಂಟೆಂಟೇ ಎಣಿಸುವುದು” ಎಂದು ನಕ್ಕರು. ಆಮೇಲೆ ಎದ್ದರು. ಸಾದಾ ಬಿಳಿ ಹತ್ತಿ ಸೀರೆ ಸೊಂಟಕ್ಕೆ ಬಿಗಿದು, ಮುದ್ರೆಗಳನ್ನೆಲ್ಲ ಬಿಟ್ಟು, ಬರಿಗೈಯಲ್ಲಿ ಕುಣಿದರು. ನಡುವೆ ಒಂದು ಕಡೆ ಪಿಯಾನೋ ಮೆತ್ತಗಾಗುತ್ತದೆ. ಅಲ್ಲಿ ಅವರು ಕುಣಿಯುವುದು ಬಿಟ್ಟು ಸುಮ್ಮನೆ ನಡೆಯುತ್ತಿದ್ದರು. “ಇದು ನಂದು” ಅನ್ನುತ್ತಿದ್ದರು ಅದಕ್ಕೆ. ಹೆಂಡತಿಯನ್ನು ಕರೆದೊಯ್ಯಲು ಬಂದ ಶೀನಣ್ಣ ಮೂಲೆಯಲ್ಲಿ ಕೂತು ತೂಕಡಿಸುತ್ತಿದ್ದರು. ಸೊಸೈಟಿಯ ಹೆಂಗಸರು ಬಾಗಿಲಲ್ಲಿ ಇಣುಕಿ, “ಗೆಜ್ಜೆ ಇಲ್ಲ, ದೇವರಿಲ್ಲ, ಇದೆಂಥ ಕುಣಿತವಮ್ಮಾ” ಎಂದು ಮೂಗು ಮುರಿದು ಹೋಗುತ್ತಿದ್ದರು.

ಚಿತ್ರೀಕರಣಕ್ಕೆ ಶಹಾಡ್ ಕಡೆ ಕಾರ್ಖಾನೆಯೊಂದರ ಖಾಲಿ ಗೋದಾಮು ಸಿಕ್ಕಿತು, ವಾರದ ರಜೆಯ ಒಂದೇ ದಿನ. ಮೇಲಿನ ಗಾಜಿನ ಸೂರಿನಿಂದ ಬೆಳಕು ಹಿಟ್ಟು ಚೆಲ್ಲಿದಂತೆ ಬೀಳುತ್ತಿತ್ತು. ಕ್ಯಾಮೆರಾಕ್ಕೆ ನನ್ನ ಗೆಳೆಯ ಸಾವಂತ. ಲ್ಯಾಬಿನಲ್ಲಿ ಉಳಿದ ತುಂಡು ತುಂಡು ಫಿಲ್ಮು ಕೂಡಿಸಿಟ್ಟದ್ದು ಒಂದೇ ಸಲಕ್ಕೆ ಸಾಕಾಗುವಷ್ಟು. ಪದ್ಮಕ್ಕ ನೆಲಕ್ಕೆ ನಮಸ್ಕರಿಸಿ ನಿಂತರು. ಕ್ಯಾಮೆರಾ ಓಡಿಸುವ ಮೊದಲು ಒಮ್ಮೆ ನೋಡೋಣವೆಂದು ನಾನು ರೆಕಾರ್ಡು ಹಚ್ಚಿದೆ.

ದೇವರೇ! ಪಿಯಾನೋ ಕುದುರೆಯ ಹಾಗೆ ಓಡಿತು. ಸ್ವರ ಕೂಡ ಮೇಲೆ ಹತ್ತಿ ಕೂತಿತ್ತು. ಪದ್ಮಕ್ಕ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟರು. ಇನ್ನೊಮ್ಮೆ ಹಚ್ಚಿದೆ, ಅದೇ ಓಟ. ಕಾರ್ಖಾನೆಯ ಕರೆಂಟು ಹೆಚ್ಚಾಗಿದೆ ಎಂದು ನಾನು ಹಾರಾಡಿದೆ. ಸಾವಂತ ಹಣೆ ಚಚ್ಚಿಕೊಂಡ. “ಅರೆ ಬಾಬಾ, ಹೇಚ್ ಬರೋಬರ್ ಆಹೆ, ಇದೇ ಸರಿಯಾದ ಓಟ! ನಿಮ್ಮ ಡೊಂಬಿವಲಿಯಲ್ಲೇ ಲೈಟು ಕಮ್ಮಿ.”

ಖರೇ ಮಾತು. ಸಂಜೆಯಾದರೆ ನಮ್ಮಲ್ಲಿ ವೋಲ್ಟೇಜು ಕುಸಿದು ಬಲ್ಬು ಕುಂಬಳ ಹೂವಿನ ಹಾಗೆ ಹಳದಿಯಾಗುತ್ತಿತ್ತು. ಪ್ಲೇಯರೂ ಅದರ ಜೊತೆ ನಿಧಾನ ತಿರುಗುತ್ತಿತ್ತು. ಮೂರು ತಿಂಗಳು ನಾವು ಕಲಿತದ್ದು ಸುಸ್ತಾದ ಪಿಯಾನೋ!

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಪದ್ಮಕ್ಕ ಮಾತ್ರ ನಗುತ್ತಿದ್ದರು. “ಕುಣಿಯಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ. ನೆಲ ಸರಿ ಉಂಟು, ನಿಮ್ಮ ರೆಕಾರ್ಡೇ ಡೊಂಕು. ಅದನ್ನು ನಿಲ್ಲಿಸಿ ಅತ್ಲಾಗೆ. ಇವರೇ, ನೀವು ಹೇಳಿ.”

‘ಇವರು’ ಎಂದರೆ ಶೀನಣ್ಣ. ಮೂಲೆಯಲ್ಲಿ ತೂಕಡಿಸುತ್ತಿದ್ದ ಮನುಷ್ಯ! ಎದ್ದು ಬಂದು, ಮರದ ಪೆಟ್ಟಿಗೆಯ ಮೇಲೆ ಕೂತು, ಕನ್ನಡಕ ತೆಗೆದು, ಇಡೀ ಪಿಯಾನೋವನ್ನು ಹೆಂಡತಿ ಕಲಿತ ಲಯದಲ್ಲೇ ಒಂದಕ್ಷರ ಬಿಡದೆ ಹೇಳಿದರು. ಧೀಂ, ತಕತರಿಕಿಟ, ಧೀಂ. ಪದ್ಮಕ್ಕ ಕುಣಿದರು. ಸಾವಂತ ಉಸಿರು ಹಿಡಿದು ತೆಗೆದ.

ಇಲ್ಲಿಯವರೆಗಿನದು ಹೇಳಲು ನನಗೆ ಖುಷಿ. ಮುಂದಿನದು ಹೇಳಲು ನಾಚಿಕೆ.

ಸಂಗೀತ ಕೂಡಿಸಲು ಕೂತಾಗ ಗೊತ್ತಾಯಿತು, ರೆಕಾರ್ಡು ಮೊದಲೇ ಮುಗಿಯುತ್ತದೆ, ಕುಣಿತ ಸುಮಾರು ಒಂದು ನಿಮಿಷ ಉಳಿಯುತ್ತದೆ. ರೆಕಾರ್ಡನ್ನೇ ನಿಧಾನ ಮಾಡಿ ಕೂಡಿಸಬಹುದಿತ್ತು. ಆದರೆ ಠಾಣೆಯ ಫಿಲ್ಮ್ ಸೊಸೈಟಿಯಲ್ಲಿ ಪಾಶ್ಚಾತ್ಯ ಸಂಗೀತ ತಿಳಿದ ನಾಲ್ಕು ಜನ ಇದ್ದರು. ಅವರು ನಕ್ಕರೆ? ನನ್ನ ಮರ್ಯಾದೆಯೇನು? ಸಂಗೀತ ಸರಿಯಿರಲಿ ಎಂದು ನಾನು ಕುಣಿತವನ್ನು ಕತ್ತರಿಸಿದೆ. ಹಾರುವುದು, ತಿರುಗುವುದು ಎಲ್ಲ ಉಳಿಸಿಕೊಂಡೆ. ನಡಿಗೆ ತೆಗೆದೆ. ನಡೆಯುವುದರಲ್ಲಿ ಏನಿದೆ, ಡೊಂಬಿವಲಿ ಸ್ಟೇಷನ್ನಿನಲ್ಲಿ ದಿನಾ ಸಾವಿರಾರು ಜನ ನಡೆಯುತ್ತಾರೆ ಅನ್ನಿಸಿತು ನನ್ನ ಬುದ್ಧಿಗೆ. ಬೇರೆ ಪ್ರತಿ ತೆಗೆಸುವ ತಾಕತ್ತಿರಲಿಲ್ಲ, ಮೂಲ ನೆಗೆಟಿವಿಗೇ ಕತ್ತರಿ ಹಾಕಿದೆ.

ಠಾಣೆಯಲ್ಲಿ ತೋರಿಸಿದಾಗ ಚಪ್ಪಾಳೆ ಬಿತ್ತು. ತಿಳಿದವರು ನನ್ನ ಬೆನ್ನು ತಟ್ಟಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ಪದ್ಮಕ್ಕನ ಹತ್ತಿರ ಓಡಿಹೋದೆ.

“ಚಂದ ಉಂಟು” ಎಂದರು. ಆಮೇಲೆ, “ನಂದು ಎಲ್ಲಿ?”

“ಉದ್ದ ಆತ್ರಿ ಅಕ್ಕ.”

“ಹೌದಾ” ಎಂದರು. ಅಷ್ಟೇ. ಜಗಳ ಮಾಡಲಿಲ್ಲ, ಮಾತು ಬಿಡಲಿಲ್ಲ, ಹಬ್ಬಕ್ಕೆ ಪತ್ರೊಡೆ ಕಳಿಸುವುದನ್ನೂ ನಿಲ್ಲಿಸಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮುಂದೆ ಅವರ ಮಗನಿಗೆ ನೌಕರಿಯಾಗಿ ಅವರೆಲ್ಲ ನೆರೂಳಕ್ಕೆ ಹೋದರು.

ಕೊನೆಯ ಸಲ ಅವರನ್ನು ನೋಡಿದ್ದು ಅಲ್ಲೇ, ಎಂಬತ್ತರ ದಶಕ ಮುಗಿಯುತ್ತಿದ್ದಾಗ. ನನ್ನ ಮಗಳ ಮದುವೆಯ ಕರೆಯೋಲೆ ಕೊಡಲು ಠಾಣೆಯಿಂದ ಬಸ್ಸು ಹಿಡಿದು ಹೋಗಿದ್ದೆ. ಪದ್ಮಕ್ಕ ಸೊರಗಿದ್ದರು. ಎರಡೂ ಮೊಣಕಾಲು ಊದಿದ್ದವು. ಕಾಫಿ ಕೊಟ್ಟು ಎದುರಿಗೆ ಕೂತು ಕೇಳಿದರು, “ಆ ತುಂಡು ಉಂಟಾ?”

ಹತ್ತು ವರ್ಷ ಈ ಪ್ರಶ್ನೆಗೆ ಹೆದರಿದ್ದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಲ್ಯಾಬಿನ ಕಸದ ಫಿಲ್ಮನ್ನು ಬೆಳ್ಳಿ ತೆಗೆಯುವವರು ಒಯ್ದು ಕರಗಿಸುತ್ತಾರೆ, ಅದೂ ಹಾಗೇ ಹೋಯಿತು ಎಂದೆ.

“ನನ್ನಿಂದ ಬೆಳ್ಳಿ ಬಂತಾ! ಎಷ್ಟು ಬಂತೋ ಏನೋ” ಎಂದು ನಕ್ಕರು. ಶೀನಣ್ಣ ನಗಲಿಲ್ಲ.

“ತಪ್ಪಾತ್ರಿ ಅಕ್ಕ” ಎಂದೆ.

“ತಪ್ಪಾದ್ದು ಹೌದು.” ನೇರವಾಗಿ ಹೇಳಿದರು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದರು. “ಅಲ್ಲಿಂದ ಕಾಣುವುದಿಲ್ಲ, ಕುರ್ಚಿ ಹಿಂದೆ ಹಾಕಿಕೊಳ್ಳಿ.” ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಶೀನಣ್ಣ, “ಬೇಡ ಮಾರಾಯ್ತಿ, ಕಾಲು” ಎಂದರು. ಅವರು ಕೇಳಲಿಲ್ಲ.

ನಡೆದು ಮುಗಿಸಿ ಬಾಲ್ಕನಿಯ ಸರಳು ಹಿಡಿದುಕೊಂಡರು. ಉಸಿರು ಸಿಕ್ಕಿದ ಮೇಲೆ, “ಜನ ನೋಡಬೇಕಿತ್ತು. ಇನ್ನು ಎಲ್ಲಿ! ನೀವು ನೋಡಿದಿರಲ್ಲ, ನೀವೇ ಹೇಳಬೇಕು. ಹೀಗಿತ್ತು ಅಂತ. ಆಯ್ತಾ?” ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಆಯ್ತು ಎಂದು ತಲೆಯಾಡಿಸಿದೆ. ಮುಂದಿನ ಮಳೆಗಾಲದಲ್ಲಿ ಪದ್ಮಕ್ಕ ಹೋದರು.

ಹೀಗಿತ್ತು. ಆ ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಮೊದಲು ಬಲಗಾಲು ಇಟ್ಟರು, ಇಡೀ ಪಾದ ಒಮ್ಮೆಲೇ ಅಲ್ಲ, ಮೊದಲು ಬೆರಳು, ಆಮೇಲೆ ಹಿಮ್ಮಡಿ. ಕೈಗಳು ಎರಡೂ ಕಡೆ ಇಳಿಬಿದ್ದಿದ್ದವು, ಅವುಗಳಿಂದ ಏನನ್ನೂ ಮಾಡಲಿಲ್ಲ. ಕಣ್ಣು ನೇರ ನನ್ನ ಕಡೆ. ನಾಲ್ಕನೆಯ ಹೆಜ್ಜೆಯಲ್ಲಿ ನಿಂತು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು, ಯಾರೋ ಕರೆದರೋ ಎಂಬಂತೆ. ಯಾರೂ ಕರೆದಿರಲಿಲ್ಲ. ಮುಂದಕ್ಕೆ ತಿರುಗಿದರು, ಇನ್ನೂ ನಾಲ್ಕು ಹೆಜ್ಜೆ ನಡೆದರು.